ಮೈಬಿಸಿ

ಕಸಮಣ್ಣನ್ನು ಹೊರಗೆ ಹೊತ್ತು ಹಾಕಲು ಕರೆಯುತ್ತಾರೆ. ಒಳಗೆ ಹೊತ್ತು ತಂದು ಸುರಿಯಿರಿ ಎಂದು ಕರೆದದ್ದು ಅದೇ ಮೊದಲು.

ಮೇಸ್ತ್ರಿ ಹೇಳಿದಾಗ ಹೆಂಗಸರು ನಂಬಲಿಲ್ಲ. ದೊಡ್ಡ ಸಭಾಂಗಣ ಅದು. ಬಗ್ಗಿ ನೋಡಿದರೆ ನೆಲದಲ್ಲಿ ಮುಖ ಕಾಣುವಷ್ಟು ನುಣುಪು. ಅದರ ನಟ್ಟನಡುವೆ ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆ, ಬಾಗಿದ ಕಂಬಿ, ಮುರಿದ ಕಿಟಕಿಯನ್ನೆಲ್ಲ ತಂದು ಗುಡ್ಡೆ ಹಾಕಬೇಕಂತೆ.

"ತಲೆಗಿಲೆ ಕೆಟ್ಟಿದೆಯಾ ಅವರಿಗೆ?" ಎಂದಳು ದೊಡ್ಡಕ್ಕ. ಆ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಬಾಯಿಯೂ ಎಲ್ಲರಿಗಿಂತ ದೊಡ್ಡದು.

"ಸ್ಕೂಲ್ ಮಕ್ಕಳ ರೋಬೋಟ್ ಸ್ಪರ್ಧೆ. ಭೂಕಂಪ ಆಗಿ ಕಟ್ಟಡ ಬಿದ್ದಿದೆ ಅಂತ ಲೆಕ್ಕ. ಅಡಿಯಲ್ಲಿ ಸಿಕ್ಕೊಂಡವರನ್ನ ಮಕ್ಕಳ ಯಂತ್ರ ಹುಡುಕಬೇಕು. ನಿಮಗ್ಯಾಕೆ ಊರ ಉಸಾಬರಿ? ಹೊರಿ."

ಹೊತ್ತರು. ಹಿಂಬಾಗಿಲಿನಿಂದ ಮಾತ್ರ ಬರಬೇಕು. ಮುಂದಿನ ಬಾಗಿಲಿಗೆ ನೀಲಿ ಜಮಖಾನೆ ಹಾಸಿತ್ತು, ಅದನ್ನು ತುಳಿಯುವಂತಿಲ್ಲ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಾಂಡ್ಲಿ, ಬಾಂಡ್ಲಿ ತುಂಬ ಹೆಂಟೆ. ಕತ್ತು ಒಳಗಿಳಿದುಹೋಗುವ ಭಾರ. ನುಣುಪು ನೆಲದಲ್ಲಿ ಬರಿಗಾಲು ಜಾರುತ್ತಿತ್ತು. ಚಪ್ಪಲಿ ಹಾಕಿದರೆ ಗೀರು ಬೀಳುತ್ತದೆ ಎಂದು ಚಪ್ಪಲಿಯನ್ನೂ ಹೊರಗೆ ಬಿಡಿಸಿದ್ದರು. ಇಟ್ಟಿಗೆಯ ಚೂರು ಚುಚ್ಚಿ ಯಾರದೋ ಅಂಗಾಲಿನ ರಕ್ತ ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು. ಮೇಸ್ತ್ರಿ ಮೊದಲು ನೆಲ ಒರೆಸಿಸಿದ.

ತಂತಿಯ ತಾಯಿ ಮಾತ್ರ ಗೊಣಗಲಿಲ್ಲ. ತಂತಿ ಅವಳ ಮಗಳು, ಒಬ್ಬಳೇ ಮಗಳು. ಮೈಯೂ ತಂತಿಯ ಹಾಗೆ, ಕೈಯಲ್ಲೂ ಸದಾ ಯಾವುದಾದರೂ ತಂತಿ. ಅದಕ್ಕೇ ಬೀದಿಯವರು ಇಟ್ಟ ಹೆಸರು ಅದು. ಒಂಬತ್ತನೇ ಕ್ಲಾಸು, ಸರ್ಕಾರಿ ಶಾಲೆ. ಇದೇ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಅವಳ ತಂಡ ಪಾಸಾಗಿತ್ತು. ಇಲ್ಲಿ ನಡೆಯುವುದು ಕೊನೆಯ ಸುತ್ತು. ತಾಯಿ ಬಾಂಡ್ಲಿ ಇಳಿಸಿ ಬೆವರು ಒರೆಸಿಕೊಂಡು ದೊಡ್ಡಕ್ಕನಿಗೆ ಮಾತ್ರ ಹೇಳಿದಳು.

"ನಾಳೆ ನನ್ನ ಮಗಳು ಬರ್ತಾಳೆ ಇಲ್ಲಿಗೆ. ಮುಂದಿನ ಬಾಗಿಲಿಂದ."

"ನೀನು ಹಾಸ್ತಿದೀಯ, ಅವಳು ಆಡ್ತಾಳೆ. ಒಳ್ಳೆ ಸಂಸಾರ ಕಣೇ ನಿಂದು," ಎಂದಳು ದೊಡ್ಡಕ್ಕ. ಇಬ್ಬರೂ ನಕ್ಕರು.

ಆದರೆ ಗುಡ್ಡೆ ಬೆಳೆದ ಹಾಗೆ ನಗು ಹೋಯಿತು. ಒಡೆದ ಗಾರೆಯ ಧೂಳಿಗೆ ಒಂದು ವಾಸನೆ ಇದೆ. ಆ ವಾಸನೆ ತಾಯಿಗೆ ಬೇಡವಾದ ವಾಸನೆ.

ಅವಳ ಗಂಡ ಕಟ್ಟುತ್ತಿದ್ದ ಮಹಡಿ ಕುಸಿದು ಸತ್ತ. ಕೂಡಲೇ ಸಾಯಲಿಲ್ಲ. ಬೆಳಿಗ್ಗೆ ಕುಸಿದದ್ದು. ಮಧ್ಯಾಹ್ನ ದಾಟುವವರೆಗೂ ಅಡಿಯಿಂದ ಅವನ ದನಿ ಕೇಳುತ್ತಿತ್ತು. ಮೊದಲು ಹೆಸರು ಹಿಡಿದು ಕೂಗಿದ. ಆಮೇಲೆ ನೀರು ಕೇಳಿದ. ಆಮೇಲೆ ಬರೀ ನರಳಾಟ. ಅಧಿಕಾರಿಗಳು ಬಂದರು. ಸುತ್ತ ಹಗ್ಗ ಕಟ್ಟಿದರು. ಯಂತ್ರ ಬರುತ್ತದೆ, ಯಾರೂ ಮುಟ್ಟಬೇಡಿ ಎಂದರು. ಅವಳು ಬರಿಗೈಯಲ್ಲಿ ಬಗೆದಳು. ಉಗುರು ಕಿತ್ತುಬಂದರೂ ಬಗೆದಳು. ಪೊಲೀಸರು ಎಳೆದುಹಾಕಿದರು. ಯಂತ್ರ ಬಂದದ್ದು ಮರುದಿನ, ಅದೂ ರಸ್ತೆ ಬಿಡಿಸಲು. ಹೆಣ ಸಿಕ್ಕಿದ್ದು ಆ ಕೆಲಸದ ನಡುವೆ.

ಆಗ ತಂತಿ ಚಿಕ್ಕವಳು. ತಾಯಿಯ ಸೆರಗು ಹಿಡಿದು ಹಗ್ಗದ ಆಚೆ ನಿಂತಿದ್ದಳು. ಅಪ್ಪನ ದನಿ ಅವಳಿಗೂ ಕೇಳಿಸಿತ್ತು.

ಅವಳೂ ಇನ್ನಿಬ್ಬರು ಗೆಳತಿಯರೂ ಸೇರಿ ಮಾಡಿದ ಯಂತ್ರಕ್ಕೆ ಕಿವಿ ಎಂದು ಹೆಸರಿಟ್ಟಿದ್ದರು. ಮುರಿದ ಆಟಿಕೆ ಕಾರಿನ ಗಾಲಿ, ಯಾರೋ ಎಸೆದ ಮೊಬೈಲು, ಗುಜರಿಯ ಸಣ್ಣ ಮೋಟಾರು. ಶಾಲೆಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು. ಸರದಿಯ ಮೇಲೆ ಕುಳಿತು ಅದಕ್ಕೆ ಪ್ರೋಗ್ರಾಂ ಬರೆದರು. ನರಳುವ ದನಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಕಿವಿ ತಿರುಗುತ್ತಿತ್ತು, ತೆವಳಿಕೊಂಡು ಹೋಗಿ ನಿಲ್ಲುತ್ತಿತ್ತು. ಇದನ್ನು ಯಾಕೆ ಮಾಡಿದೆ ಎಂದು ತಾಯಿ ಕೇಳಲಿಲ್ಲ. ಮಗಳೂ ಹೇಳಲಿಲ್ಲ.

*

ಸ್ಪರ್ಧೆಯ ದಿನ ಕೂಲಿ ಹೆಂಗಸರನ್ನು ಪರದೆಯ ಹಿಂದೆ ಕೂರಿಸಿದ್ದರು. ಒಂದೊಂದು ಆಟ ಮುಗಿದಾಗಲೂ ಓಡಿಹೋಗಿ ಹರಡಿದ ಹೆಂಟೆಯನ್ನು ಮತ್ತೆ ಒಟ್ಟುವುದು ಅವರ ಕೆಲಸ. ಅತಿಥಿಗಳ ಕಣ್ಣಿಗೆ ಬೀಳಬಾರದು, ಕೂಗಿದ ಕೂಡಲೇ ಬರಬೇಕು.

ಪರದೆಯ ಸಂದಿಯಿಂದ ತಾಯಿ ನೋಡಿದಳು. ದೊಡ್ಡ ದೊಡ್ಡ ಶಾಲೆಗಳ ಮಕ್ಕಳು ನೀಲಿ ಅಂಗಿ ಹಾಕಿಕೊಂಡು ಬಂದರು. ಬೆನ್ನ ಮೇಲೆ 'ರಕ್ಷಕ' ಎಂದು ಬರೆದಿತ್ತು. ಅವರ ಯಂತ್ರಗಳು ಹೊಳೆಯುತ್ತಿದ್ದವು. ಒಂದೊಂದಕ್ಕೂ ಒಂದೊಂದು ಮೆತ್ತೆಯ ಪೆಟ್ಟಿಗೆ. ಹೆತ್ತವರು ಹಿಂದೆ ಮುಂದೆ ಫೋಟೋ ಹಿಡಿಯುತ್ತಿದ್ದರು.

ತಂತಿಯೂ ಬಂದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಬಿಗಿಯಾಗಿ ಹೆಣೆದ ಎರಡು ಜಡೆ. ಎದೆಗವಚಿಕೊಂಡ ರಟ್ಟಿನ ಡಬ್ಬಿಯಲ್ಲಿ ಕಿವಿ. ಜೊತೆಗೆ ಗೆಳತಿಯರಿಬ್ಬರು, ವಿಜ್ಞಾನದ ಟೀಚರು.

ಸ್ಪರ್ಧೆಯ ಸಂಚಾಲಕಿ ಡಬ್ಬಿಯೊಳಗೆ ಇಣುಕಿದಳು. ಸತ್ತ ಇಲಿಯನ್ನು ನೋಡುವ ಹಾಗೆ ನೋಡಿದಳು.

"ಇದು ನಮ್ಮ ಕಿಟ್ ಅಲ್ಲವಲ್ಲ."

"ಮಕ್ಕಳೇ ಮಾಡಿದ್ದು ಮೇಡಂ," ಎಂದರು ಟೀಚರು.

"ಕೊನೇ ಸುತ್ತಿಗೆ ನಮ್ಮ ಕಿಟ್ ಕಡ್ಡಾಯ. ಪ್ರಾಯೋಜಕರ ನಿಯಮ. ವೆಬ್‌ಸೈಟಲ್ಲಿ ಹಾಕಿದ್ವಿ."

"ನಮಗೆ ಯಾರೂ ಹೇಳಲಿಲ್ಲ ಮೇಡಂ. ಮೊದಲ ಸುತ್ತಲ್ಲಿ ಇದನ್ನೇ ನೋಡಿ ಪಾಸ್ ಮಾಡಿದ್ರಿ."

"ಅದು ಮೊದಲ ಸುತ್ತು. ಸರ್ಕಾರಿ ಶಾಲೆ ಅಂತ ಸ್ವಲ್ಪ ಉದಾರವಾಗಿದ್ವಿ."

ತಂತಿ ಡಬ್ಬಿಯನ್ನು ಇನ್ನೂ ಗಟ್ಟಿಯಾಗಿ ಅವಚಿಕೊಂಡಳು. ಪರದೆಯ ಹಿಂದೆ ತಾಯಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡಳು. ಮುಂದೆ ಆದದ್ದು ಅದಕ್ಕಿಂತ ಕೆಟ್ಟದ್ದು.

ಸಂಚಾಲಕಿ ಮಕ್ಕಳನ್ನು ಮೇಲಿಂದ ಕೆಳಗೆ ನೋಡಿ ಮುಖ ಅರಳಿಸಿದಳು. "ಆದರೆ ಮಕ್ಕಳು ಬೇಜಾರು ಮಾಡ್ಕೊಂಡು ಹೋಗಬಾರದು. ಅವರಿಗೂ ಒಂದು ಪಾತ್ರ ಇದೆ. ಅವಶೇಷದ ಅಡಿ ಗೊಂಬೆ ಇಟ್ಟಿದ್ವಿ. ಈ ಯಂತ್ರಗಳಿಗೆ ಮೈಬಿಸಿ ಗುರುತಿಸೋ ಕಣ್ಣು ಇದೆ. ಗೊಂಬೆಗೆ ಮೈಬಿಸಿ ಎಲ್ಲಿಂದ ಬರಬೇಕು? ಜೀವ ಇರೋರೇ ಬೇಕು."

"ಮಲಗಬೇಕಾ?" ಟೀಚರ ದನಿ ಇಳಿಯಿತು.

"ಸುಮ್ನೆ ಮಲಗೋದು. ಸ್ಪರ್ಧಿಗಳನ್ನ ಮಲಗಿಸೋಕಾಗಲ್ಲ, ಧೂಳು, ಅಲರ್ಜಿ, ಪೇರೆಂಟ್ಸ್ ಒಪ್ಪಲ್ಲ. ಸರ್ಟಿಫಿಕೇಟ್ ಇವರಿಗೂ ಕೊಡ್ತೀವಿ."

ಟೀಚರು ಏನೋ ಕೇಳಿಕೊಂಡರು. ಸಂಚಾಲಕಿ ಗಡಿಯಾರ ನೋಡಿ, "ಸರಿ, ಎಲ್ಲಾ ಮುಗಿದ ಮೇಲೆ ನಿಮ್ಮದನ್ನೂ ವೇದಿಕೆ ಮೇಲೆ ತೋರಿಸಿ. ಐದು ನಿಮಿಷ," ಎಂದಳು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಆದರೆ ಆ ವಾಸನೆಗೇ ಟೀಚರು ಒಪ್ಪಿದರು. ತಂತಿಯೂ ಒಪ್ಪಿದಳು.

ಅವರಿಗೆ ಬೂದು ಬಣ್ಣದ ಅಂಗಿ ಕೊಟ್ಟರು. ಬೆನ್ನ ಮೇಲೆ 'ಸಂತ್ರಸ್ತ', ಕೆಳಗೊಂದು ನಂಬರು. ಒಂದನೇ ನಂಬರು ಗೊಂಬೆಯದು, ತಂತಿಯದು ನಾಲ್ಕು. ಬಣ್ಣ ಹಚ್ಚುವವಳು ಗೆಳತಿಯರ ಮುಖಕ್ಕೆ ಬೂದಿ ಬಳಿದು ಹಣೆಗೆ ಕೆಂಪು ಇಳಿಸಿದಳು. ತಂತಿಯ ಸರದಿ ಬಂದಾಗ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಇವಳಿಗೆ ಜಾಸ್ತಿ ಏನೂ ಬೇಡ, ಇರೋದೇ ಹಾಗಿದಾಳೆ," ಎಂದಳು. ಸುತ್ತ ನಿಂತವರು ನಕ್ಕರು. ತಂತಿ ನಗಲಿಲ್ಲ. ಕಣ್ಣು ಮಿಟುಕಿಸದೆ ನಿಂತಳು.

ಪರದೆಯ ಹಿಂದೆ ದೊಡ್ಡಕ್ಕ ತಾಯಿಯ ಮೊಣಕೈ ಹಿಡಿದಳು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನೋಡ್ಬೇಡ ಕಣೇ, ಈ ಕಡೆ ಬಾ."

ತಾಯಿ ನೋಡಿದಳು. ಕಣ್ಣು ಕೀಳಲಿಲ್ಲ.

ನಿನ್ನೆ ತಾನೇ ಹೊತ್ತು ತಂದು ಸುರಿದ ಹೆಂಟೆಯ ನಡುವೆ ಮಗಳು ಮಲಗಿದಳು. ಬೆನ್ನಿಗೆ ಇಟ್ಟಿಗೆಯ ಮೂಲೆ ಒತ್ತುತ್ತಿತ್ತು. ಮೇಲಿನಿಂದ ದೀಪಗಳ ಧಗೆ. ಯಂತ್ರಗಳು ಒಂದಾದ ಮೇಲೊಂದು ಬಂದವು. ಮೂಸಿದವು, ಗುದ್ದಿದವು, ದಾರಿ ತಪ್ಪಿದವು. ಒಂದು ಯಂತ್ರ ಅವಳ ಬೆರಳುಗಳ ಮೇಲೆಯೇ ಹತ್ತಿ ನಿಂತಿತು. ಅವಳು ಕೈ ಎಳೆದುಕೊಂಡಳು.

ನೀಲಿ ಅಂಗಿಯ ಹುಡುಗನೊಬ್ಬ ಕೂಗಿದ: "ಸರ್, ನಂಬರ್ ಫೋರ್ ಅಲ್ಲಾಡ್ತು!"

ತಾಯಿಗೆ ಕಿವಿಯಲ್ಲಿ ಕಾದ ಕಂಬಿ ಇಟ್ಟಂತಾಯಿತು. ಅಲ್ಲಾಡಿದಳು ಎನ್ನಲಿಲ್ಲ. ಅಲ್ಲಾಡ್ತು ಎಂದ. ಮೇಜು ಅಲ್ಲಾಡಿತು, ಕುರ್ಚಿ ಅಲ್ಲಾಡಿತು ಎನ್ನುವ ಹಾಗೆ.

ತೀರ್ಪುಗಾರ ಮೈಕಿನಲ್ಲಿ ಗದರಿದ. "ನಂಬರ್ ನಾಲ್ಕು, ಹೆಣ ಎಲ್ಲಾದರೂ ಕೈ ಎಳ್ಕೊಳ್ಳುತ್ತಾ? ನಿನ್ನಿಂದ ಅವರಿಗೆ ಅಂಕ ಹೋಗುತ್ತೆ."

ಮಧ್ಯಾಹ್ನ ನೀಲಿ ಅಂಗಿಯವರಿಗೆ ಊಟದ ಪೊಟ್ಟಣ ಬಂತು. ಬೂದು ಅಂಗಿಯವರಿಗೆ ಮುಖ ತೊಳೆಯಬಾರದು, ಬಣ್ಣ ಹೋಗುತ್ತದೆ ಎಂದು ಹೇಳಿ ಪರದೆಯ ಹಿಂದಕ್ಕೆ ಕಳಿಸಿದರು. ತಾಯಿ ಮಗಳ ಬಾಯಿಗೆ ನೀರಿನ ಬಾಟಲಿ ಹಿಡಿದಳು. ಬೆರಳುಗಳು ಊದಿಕೊಂಡಿದ್ದವು.

"ನಡಿ ಮನೆಗೆ," ಎಂದಳು ತಾಯಿ.

"ಇನ್ನೊಂದೇ ಆಟ ಅಮ್ಮ."

"ಏನು ಕಡಿದು ಕಟ್ಟೆ ಹಾಕೋದಿದೆ ನಿನಗೆ ಇಲ್ಲಿ? ಆಡೋಕೆ ಬಂದವಳನ್ನ ನೆಲಕ್ಕೆ ಹಾಸಿದಾರೆ. ನಡಿ."

"ಕೊನೇಲಿ ಕಿವಿನ ತೋರಿಸೋಕೆ ಬಿಡ್ತಾರೆ. ಐದು ನಿಮಿಷ. ಟಿವಿಯವರೂ ಬಂದಿದಾರಂತೆ. ಎಲ್ಲರೂ ನೋಡ್ತಾರೆ ಅಮ್ಮ, ಅದು ದನಿ ಕೇಳುತ್ತೆ ಅಂತ." ಬೂದಿ ಬಳಿದ ಮುಖದಲ್ಲಿ ಕಣ್ಣೆರಡು ಮಾತ್ರ ಹೊಳೆದವು. "ಯಾರಿಗಾದರೂ ಬೇಕಾಗುತ್ತೆ."

ತಾಯಿ ಬಾಟಲಿಯಲ್ಲಿ ಉಳಿದ ನೀರನ್ನು ಮಗಳ ಊದಿದ ಬೆರಳುಗಳ ಮೇಲೆ ಹೊಯ್ದಳು.

*

ಕೊನೆಯ ಆಟಕ್ಕೆ ಮುಖ್ಯ ಅತಿಥಿ ಬಂದ. ಕಟ್ಟಡ ಕಟ್ಟುವ ದೊಡ್ಡ ಕಂಪನಿಯ ಯಜಮಾನ, ಸ್ಪರ್ಧೆಗೆ ದುಡ್ಡು ಹಾಕಿದವನು. ತಾಯಿ ಪರದೆಯ ಸಂದಿಯಿಂದ ಅವನ ಹಿಂದಿದ್ದ ಬ್ಯಾನರನ್ನು ತೋರಿಸಿ ಟೀಚರನ್ನು ಕೇಳಿದಳು. "ಟೀಚರ್, ಇವನದೇನಾ ಆ ಮಹಡಿ? ಇವಳಪ್ಪ ಹೋದದ್ದು?"

"ಅಲ್ಲಮ್ಮ. ಅದು ಬೇರೆ ಕಂಪನಿ."

"ಬೇರೆ ಏನು ಬಂತು? ಒಂದೇ ಮರದ ತೊಗಟೆ."

ಯಜಮಾನ ಮಾತಾಡಿದ. ಒಂದೊಂದು ಜೀವವೂ ಅಮೂಲ್ಯ ಎಂದ. ಚಪ್ಪಾಳೆ ಬಿತ್ತು.

ಈ ಸಲ ಸಂತ್ರಸ್ತರನ್ನು ಆಳದಲ್ಲಿ ಹೂಳಬೇಕು, ನೋಡುವವರ ಮೈ ಜುಮ್ಮೆನ್ನಬೇಕು ಎಂದು ಸಂಚಾಲಕಿ ಹೇಳಿದಳು. ತಂತಿಯನ್ನು ಒಂದು ತಗ್ಗಿನಲ್ಲಿ ಮಲಗಿಸಿದರು. ಸುತ್ತ ಇಟ್ಟಿಗೆ ಜೋಡಿಸಿ, ಮೇಲೆ ಪ್ಲೈವುಡ್ ಹಲಗೆ ಮುಚ್ಚಿದರು. ಉಸಿರಾಡಲು ಒಂದು ಮಗ್ಗುಲಲ್ಲಿ ಸಂದಿ ಬಿಟ್ಟರು.

"ಏಯ್, ನೀನು. ಇದರ ಮೇಲೆ ಸುರಿ," ಸಂಚಾಲಕಿ ಬೆರಳು ತೋರಿಸಿದ್ದು ತಾಯಿಗೆ.

ತಾಯಿ ಒಂದು ಬಾಂಡ್ಲಿ ಸುರಿದಳು. ಮೆಲ್ಲಗೆ, ಮಗುವಿಗೆ ನೀರು ಹೊಯ್ಯುವ ಹಾಗೆ.

"ಇನ್ನೂ. ಹಲಗೆ ಕಾಣ್ತಿದೆ."

"ಒಳಗೆ ಮಗು ಇದೆ ಮೇಡಂ."

"ಗೊತ್ತು, ಅದಕ್ಕೇ ಸುರಿ ಅಂತಿರೋದು. ಮಗು ಇಲ್ಲದಿದ್ದರೆ ಯಂತ್ರ ಏನು ಹುಡುಕುತ್ತೆ? ಬೇಗ ಬೇಗ."

ತಾಯಿಯ ಕೈ ನಿಂತಿತು. ಅದು ನನ್ನ ಮಗಳು ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಇಬ್ಬರನ್ನೂ ಹೊರಗೆ ಹಾಕುತ್ತಾರೆ. ಮಗಳ ಐದು ನಿಮಿಷ ಹೋಗುತ್ತದೆ. ಅಷ್ಟರಲ್ಲಿ ಸಂದಿಯಿಂದ ದನಿ ಬಂತು.

"ಸುರಿ ಅಮ್ಮ. ಏನೂ ಆಗಲ್ಲ."

ಅಮ್ಮ ಎಂದದ್ದು ಸಂಚಾಲಕಿಗೆ ವಿಶೇಷ ಅನ್ನಿಸಲಿಲ್ಲ. ಕೂಲಿ ಹೆಂಗಸರನ್ನು ಎಲ್ಲರೂ ಅಮ್ಮ ಎಂದೇ ಕೂಗುತ್ತಾರೆ.

ತಾಯಿ ಸುರಿದಳು. ಮುಚ್ಚಿಡುವುದು ಬೇಡ, ಅವಳೇ ಸುರಿದಳು. ಸಾಕು ಎನ್ನುವವರೆಗೂ ಸುರಿದಳು. ಹಲಗೆ ಕಾಣದಾಯಿತು. ಆಮೇಲೆ ಗಂಡಾಳುಗಳಿಬ್ಬರು ಬಂದು ಸಿಮೆಂಟಿನ ಒಂದು ಚಪ್ಪಡಿಯನ್ನು ಓರೆಯಾಗಿ ಒರಗಿಸಿ ಹೋದರು. ಚೆನ್ನಾಗಿ ಕಾಣುತ್ತದೆ ಎಂದು ಸಂಚಾಲಕಿ ಫೋಟೋ ಹಿಡಿದಳು. ಹೆಂಗಸರನ್ನು ಮತ್ತೆ ಪರದೆಯ ಹಿಂದಕ್ಕೆ ಅಟ್ಟಿದರು.

ಯಂತ್ರ ಬಂತು. ಎಲ್ಲಕ್ಕಿಂತ ದೊಡ್ಡದು, ಎರಡು ತೋಳಿನದು. ಗುಡ್ಡೆಯನ್ನು ಏರಿತು. ತುದಿಯಲ್ಲಿ ನಿಂತು ಗಿರಗಿರನೆ ತಿರುಗಿತು. ಜೀವ ಸಿಕ್ಕಿತು ಎನ್ನುವ ಹಸಿರು ದೀಪ ಹೊತ್ತಿತು. ಸಭೆ ಹೋ ಎಂದಿತು. ಯಂತ್ರದ ತೋಳು ಚಪ್ಪಡಿಯನ್ನು ತಳ್ಳಿತು. ಲಟಕ್ ಎಂದಿತು ಹಲಗೆ.

ಒಳಗಿನಿಂದ ಒಂದು ಕಿರುಚು.

ಸಭೆ ಚಪ್ಪಾಳೆ ತಟ್ಟಿತು. ಎಂಥ ಅಭಿನಯ ಎಂದರು ಯಾರೋ.

ತಾಯಿಗೆ ಅಭಿನಯ ಯಾವುದು, ಅಲ್ಲದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪರದೆಯನ್ನು ಕಿತ್ತುಕೊಂಡು ಓಡಿದಳು. "ತೆಗೀರಿ! ನನ್ನ ಮಗಳು! ತೆಗೀರೋ!"

"ಟೈಮ್ ಇನ್ನೂ ಇದೆ, ಯಾರೂ ಮುಟ್ಟಬೇಡಿ," ಎಂದು ತೀರ್ಪುಗಾರ ಮೈಕಿನಲ್ಲಿ ಕೂಗಿದ.

ಯಾರೂ ಮುಟ್ಟಬೇಡಿ. ಅದೇ ಮಾತು. ಕಾವಲಿನವನೊಬ್ಬ ಅವಳ ರಟ್ಟೆ ಹಿಡಿದ. ದೊಡ್ಡಕ್ಕನ ಬಾಂಡ್ಲಿ ಅವನ ಮೊಣಕಾಲಿನ ಮೇಲೆ ಬಿತ್ತು. ಬಿತ್ತೋ, ಬೀಳಿಸಿದಳೋ ಕೇಳಬಾರದು. ಅವನು ಕುಸಿದ. ತಾಯಿ ಗುಡ್ಡೆ ಹತ್ತಿ, ಎರಡು ತೋಳಿನ ಯಂತ್ರವನ್ನು ಹೊಟ್ಟೆಗೆ ಅವಚಿ ಎತ್ತಿ ಆಚೆಗೆ ಎಸೆದಳು. ಅದು ನುಣುಪು ನೆಲದಲ್ಲಿ ಜಾರುತ್ತ ಹೋಗಿ ಗೋಡೆಗೆ ಬಡಿಯಿತು.

"ನಮ್ಮ ರೋಬೋ!" ಎಂದು ಹುಡುಗರು ಅತ್ತರು. ಹೆತ್ತವರು, ತೀರ್ಪುಗಾರರು, ಸಂಚಾಲಕಿ ಎಲ್ಲರೂ ಯಂತ್ರದ ಕಡೆಗೆ ಓಡಿದರು. ಹುಡುಗಿಯ ಕಡೆಗೆ ಓಡಿದ್ದು ಬಾಂಡ್ಲಿ ಹೆಂಗಸರು. ಟೀಚರು ಕೂಡ. ಅವರ ಸೀರೆಯ ನೆರಿಗೆ ಕಂಬಿಗೆ ಸಿಕ್ಕಿ ಹರಿಯಿತು, ಹಾಗೇ ಬಗೆದರು.

ಕೈಯಿಂದ ಕೈಗೆ ಹೆಂಟೆ ಹಾರಿತು. ಚಪ್ಪಡಿಗೆ ಭುಜ ಕೊಟ್ಟರು. ಹಲಗೆ ಮುರಿದು ತಂತಿಯ ಕಾಲಿನ ಮೇಲೆ ಕೂತಿತ್ತು. ಎತ್ತಿದರು. ಪಾದ ಬೇರೆ ಕಡೆಗೆ ತಿರುಗಿತ್ತು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಹಚ್ಚಿದ ಕೆಂಪು ಎಲ್ಲಿಯವರೆಗೆ, ಒಸರಿದ ಕೆಂಪು ಎಲ್ಲಿಂದ ಎಂದು ಗೊತ್ತಾಗುವಂತಿರಲಿಲ್ಲ. ಅವಳು ಕೆಮ್ಮಿ ಮಣ್ಣು ಉಗುಳಿದಳು. ಉಗುಳಿದಳು ಎಂದರೆ ಬದುಕಿದಳು ಎಂದು ದೊಡ್ಡಕ್ಕ ಎದೆ ಹಿಡಿದುಕೊಂಡು ಕೂತುಬಿಟ್ಟಳು.

ಯಂತ್ರಕ್ಕೆ ಹೆಚ್ಚೇನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಸಂಚಾಲಕಿ ಈ ಕಡೆ ಬಂದಳು. ದಾರಿಯಲ್ಲೇ ಮೈಕಿನಲ್ಲಿ ನಗುತ್ತ ಹೇಳಿದಳು. "ಗಾಬರಿ ಬೇಡ. ಎಲ್ಲಾ ಪ್ರಾತ್ಯಕ್ಷಿಕೆಯ ಭಾಗ. ಹಸಿರು ದೀಪ ಮೊದಲೇ ಹತ್ತಿರೋದರಿಂದ ಈ ತಂಡವೇ ವಿಜೇತ!"

ಮತ್ತೆ ಚಪ್ಪಾಳೆ. ಅವಳು ಮೈಕನ್ನು ಅಂಗೈಯಿಂದ ಮುಚ್ಚಿ ತಂತಿಯ ಮುಂದೆ ಬಗ್ಗಿದಳು. ತಂತಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ತಾಯಿ ಅವಳ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸೆರಗು ಹರಿದು ಸುತ್ತುತ್ತಿದ್ದಳು.

"ಜಾಣೆ. ಒಂದೇ ಒಂದು ಮಾತು ಹೇಳಿಬಿಡು. ಈ ಯಂತ್ರ ನನ್ನ ಜೀವ ಉಳಿಸಿತು, ಥ್ಯಾಂಕ್ಸ್ ಅಂತ. ಟಿವಿಯವರು ಕಾಯ್ತಿದಾರೆ. ಆಮೇಲೆ ನಮ್ಮ ಕಾರಲ್ಲೇ ಆಸ್ಪತ್ರೆ. ನಿಮ್ಮದನ್ನೂ ತೋರಿಸೋಣ, ಐದಲ್ಲ, ಹತ್ತು ನಿಮಿಷ."

ತಂತಿ ತಾಯಿಯ ಮುಖ ನೋಡಿದಳು. ಟೀಚರ ಮುಖ ನೋಡಿದಳು. ಟೀಚರು ನೆಲ ನೋಡುತ್ತಿದ್ದರು. ಮೈಕು ಬಾಯಿಗೆ ಬಂತು. ಕ್ಯಾಮೆರಾ ಹತ್ತಿರ ಬಂತು.

"ನನ್ನನ್ನ ಎತ್ತಿದ್ದು ನಮ್ಮಮ್ಮ," ಎಂದಳು ತಂತಿ. "ಅವರ ಯಂತ್ರ ನನ್ನ ಮೇಲೆ ಹತ್ತಿತ್ತು."

ಸಂಚಾಲಕಿ ಮೈಕು ಎಳೆದುಕೊಂಡಳು. ತಂತಿ ಬಿಡಲಿಲ್ಲ. ಊದಿದ ಬೆರಳುಗಳಿಂದ ಹಿಡಿದಳು. ಯಾರೋ ಎಲ್ಲಿಯೋ ಗುಂಡಿ ಒತ್ತಿದರು. ಮೈಕು ಸತ್ತಿತು. ಅವಳು ಸತ್ತ ಮೈಕನ್ನು ಬಿಟ್ಟು ಬರೀ ಗಂಟಲಿನಿಂದ ಕೂಗಿದಳು.

"ನಮ್ಮಪ್ಪ ಇಂಥದ್ದರ ಅಡಿಯಲ್ಲೇ ಕೂಗಿ ಕೂಗಿ ಸತ್ತ. ಒಂದು ಯಂತ್ರ ಬರಲಿಲ್ಲ. ಇಲ್ಲಿ ಆಟಕ್ಕೆ ಇಷ್ಟೊಂದು ತಂದಿದ್ದೀರಿ. ಆಡೋಕೆ ನೀವು, ಸಾಯೋಕೆ ನಾವಾ? ನಾನು ನಂಬರ್ ನಾಲ್ಕಲ್ಲ. ನಾನು ಸ್ಪರ್ಧೆಗೆ ಬಂದವಳು!"

ಮುಖ್ಯ ಅತಿಥಿ ಫೋನು ನೋಡಿಕೊಂಡು ಎದ್ದ. ಅವನು ಎದ್ದದ್ದೇ ಉಳಿದವರೂ ಎದ್ದರು. ತಂತಿ ಮೈಮೇಲಿನ ಬೂದು ಅಂಗಿಯನ್ನು ಹಿಡಿದು ಎಳೆದಳು. ಒಳಗೆ ಅವಳ ಇಸ್ತ್ರಿ ಮಾಡಿದ ಸಮವಸ್ತ್ರ ಇತ್ತು, ಮುದ್ದೆಯಾಗಿ. ಗೆಳತಿಯರಿಬ್ಬರೂ ತಮ್ಮ ಅಂಗಿಗಳನ್ನು ಕಳಚಿ ಎಸೆದರು.

ಮೇಸ್ತ್ರಿ ಏದುಸಿರು ಬಿಡುತ್ತ ಬಂದ. "ಆದದ್ದಾಯ್ತು. ಹಾಲ್ ಸಂಜೆಯೊಳಗೆ ಖಾಲಿ ಆಗಬೇಕು, ಬೇರೆಯವರು ಬರ್ತಾರೆ. ಅವಳನ್ನ ಟೀಚರ್ ನೋಡ್ಕೊಳ್ತಾರೆ. ನೀವು ಮಣ್ಣೆತ್ತಿ."

ತಾಯಿ ಎದ್ದು ನಿಂತಳು. ಅವನ ಮುಂದೆ ಅವಳು ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ.

"ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ಇಷ್ಟೊಂದು ಯಂತ್ರ ಇದಾವಲ್ಲ. ಎತ್ತಿಸ್ಕೊ."

"ನಾಳೆಯಿಂದ ಕೆಲಸಕ್ಕೆ ಹೇಗೆ ಬರ್ತೀಯ ನೋಡ್ತೀನಿ. ಒಬ್ಬಳು ಹೋದರೆ ನೂರು ಜನ ಸಿಗ್ತಾರೆ."

ದೊಡ್ಡಕ್ಕ ತನ್ನ ಬಾಂಡ್ಲಿಯನ್ನು ಅವನ ಕಾಲ ಬುಡಕ್ಕೆ ಬೋರಲು ಹಾಕಿದಳು. "ನೂರರಲ್ಲಿ ನನ್ನನ್ನ ಲೆಕ್ಕ ಹಿಡೀಬೇಡ." ಅವಳ ಹಿಂದೆ ಇನ್ನೊಂದು ಬಾಂಡ್ಲಿ ಬೋರಲು ಬಿತ್ತು. ಇನ್ನೊಂದು. ಚಪ್ಪಡಿ ಒರಗಿಸಿದ ಗಂಡಾಳುಗಳು ಮುಖ ಮುಖ ನೋಡಿಕೊಂಡು ಹಾರೆ ಕೆಳಗಿಟ್ಟರು.

ತಾಯಿ ಬಗ್ಗಿದಳು. ಮಗಳನ್ನು ಬೆನ್ನಿಗೆ ಹೊತ್ತುಕೊಂಡಳು. ಗೆಳತಿಯರು ಕಿವಿಯ ಡಬ್ಬಿ ಎತ್ತಿಕೊಂಡು ಹಿಂದೆ ನಡೆದರು.

*

ಸರ್ಕಾರಿ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕಾದು ಕೂತಾಗ ಟೀಚರ ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ಅವರು ಎದ್ದು ಮೂಲೆಗೆ ಹೋಗಿ ಮಾತಾಡಿದರು. "ಹೂಂ ಸರ್. ಹೂಂ ಮೇಡಂ. ಶಾಲೆ ಹೆಸರು ಬರಲ್ಲ ಸರ್." ವಾಪಸು ಬಂದು ತಾಯಿಯ ಪಕ್ಕ ಕೂತು, ಕೈಗಳನ್ನು ಹಿಂಡಿಕೊಂಡರು.

"ನೋಡಮ್ಮ, ಕೇಸು ಗೀಸು ಅಂತ ಹೋದರೆ ಮಕ್ಕಳ ಭವಿಷ್ಯ ಹಾಳಾಗುತ್ತೆ. ಖರ್ಚೆಲ್ಲ ಅವರೇ ನೋಡ್ಕೊಳ್ತಾರಂತೆ. ಮೆಟ್ಟಿಲಿಂದ ಬಿದ್ದಳು ಅಂದುಬಿಡೋಣ. ಇದೊಂದು ಸಲ."

ತಾಯಿಯ ಕೈ ಮಗಳ ಕುತ್ತಿಗೆಯ ಮೇಲಿತ್ತು. ಮೈ ಸುಡುತ್ತಿತ್ತು.

ಒಳಗೆ ಡಾಕ್ಟರು ಕಾಲನ್ನು ಒತ್ತಿ ನೋಡಿದರು. ತಂತಿ ಹಲ್ಲು ಕಚ್ಚಿದಳು. ಎರಡು ಕಡೆ ಮೂಳೆ ಮುರಿದಿದೆ ಎಂದರು. ಪೆನ್ನು ತೆಗೆದರು.

"ಹೇಗಾಯ್ತು?"

"ಮೆಟ್ಟಿಲಿಂದ…" ಎಂದು ಟೀಚರು ಶುರು ಮಾಡಿದರು.

"ಇಲ್ಲ," ಎಂದಳು ತಂತಿ. "ನಾನು ಬೀಳಲಿಲ್ಲ. ನನ್ನ ಮೇಲೆ ಬಿತ್ತು."

"ಏನು ಬಿತ್ತು?"

"ಮಣ್ಣು, ಇಟ್ಟಿಗೆ, ಚಪ್ಪಡಿ. ನನ್ನನ್ನ ಮಲಗಿಸಿ ಮೇಲೆ ಸುರಿದರು."

ಡಾಕ್ಟರು ತಲೆ ಎತ್ತಿದರು. ಒಬ್ಬೊಬ್ಬರ ಮುಖವನ್ನೇ ನೋಡಿದರು. "ಮಲಗಿಸಿ ಸುರಿದರಾ? ಯಾರು ಸುರಿದದ್ದು?"

ತಂತಿ ತುಟಿ ಬಿಗಿದಳು. ತಾಯಿ ಮುಂದೆ ಬಂದು ಮೇಜಿನ ಮೇಲೆ ತನ್ನ ಎರಡೂ ಕೈ ಊರಿದಳು. ಉಗುರಿನ ಸಂದಿಯೆಲ್ಲ ಗಾರೆ, ಗಾರೆಯ ಕೆಳಗೆ ರಕ್ತ.

"ನಾನು ಸುರಿದೆ ಡಾಕ್ಟ್ರೇ. ಹೆತ್ತ ತಾಯಿ. ಮೊದಲು ಅದನ್ನ ಬರ್ಕೊಳ್ಳಿ," ಎಂದಳು. "ಸುರಿ ಅಂದವರು ಯಾರ್ಯಾರು ಅಂತ ಒಬ್ಬೊಬ್ಬರನ್ನೇ ಹೇಳ್ತೀನಿ. ಪೆನ್ನು ನಿಲ್ಲಿಸಬೇಡಿ."